ಹೆದ್ದಾರಿಯ ಹಣಕ್ಕೆ ಜೀವದ ಷರತ್ತು ಇರಲಿ

ನಮ್ಮ ಹೆದ್ದಾರಿಗಳ ಬಗ್ಗೆ ಕೇಂದ್ರ ಸರ್ಕಾರ ಹೆಮ್ಮೆಯಿಂದ ಹೇಳಿಕೊಳ್ಳುವ ಅಂಕಿಯೊಂದಿದೆ: 2020–21ರಲ್ಲಿ ದಿನಕ್ಕೆ ಸುಮಾರು 37 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ ನಿರ್ಮಾಣವಾಯಿತು. ಅದೇ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವೇ ಪ್ರಕಟಿಸುವ ಇನ್ನೊಂದು ಅಂಕಿಯೂ ಇದೆ: 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಭಾಗಿಸಿ ನೋಡಿದರೆ ದಿನಕ್ಕೆ 461 ಜನ. ಮೊದಲ ಅಂಕಿಗೆ ವಾರ್ಷಿಕ ಗುರಿ ಇದೆ, ಪರಿಶೀಲನಾ ಸಭೆ ಇದೆ, ಗುರಿ ಮುಟ್ಟದಿದ್ದರೆ ಉತ್ತರ ಕೊಡಬೇಕಾದ ಅಧಿಕಾರಿಗಳಿದ್ದಾರೆ. ಎರಡನೆಯ ಅಂಕಿ ಏರಿತೆಂಬ ಕಾರಣಕ್ಕೆ ಯಾವ ರಾಜ್ಯದ ರಸ್ತೆ ಅನುದಾನವೂ ನಿಲ್ಲುವುದಿಲ್ಲ.

ಹೆದ್ದಾರಿ ಸುರಕ್ಷತೆಯ ಸಮಸ್ಯೆಯ ಬೇರು ಇಲ್ಲೇ ಇದೆ ಎಂಬುದು ನನ್ನ ವಾದ. ನಮ್ಮಲ್ಲಿ ಕಾನೂನಿಗೆ ಬರವಿಲ್ಲ, ಸಮಿತಿಗಳಿಗೂ ಬರವಿಲ್ಲ. ರಸ್ತೆಗೆ ಸುರಿಯುವ ಹಣವನ್ನು ಆ ರಸ್ತೆಯಲ್ಲಿ ಉಳಿಯುವ ಜೀವಗಳ ಲೆಕ್ಕಕ್ಕೆ ಕಟ್ಟಿಹಾಕುವ ವ್ಯವಸ್ಥೆ ಮಾತ್ರ ಇಲ್ಲ. ಅದು ಬರುವ ತನಕ ಜಾಗೃತಿ ಜಾಥಾ, ಸಪ್ತಾಹ, ಮಾಸಾಚರಣೆ ಎಷ್ಟು ನಡೆದರೂ ಸಾವಿನ ಸಂಖ್ಯೆ ಗಣನೀಯವಾಗಿ ತಗ್ಗುವುದಿಲ್ಲ.

ಸಾಯುವವರು ಯಾರು, ಎಲ್ಲಿ ಸಾಯುತ್ತಾರೆ ಎಂಬುದನ್ನು ಮೊದಲು ನೋಡಬೇಕು. ದೇಶದ ಒಟ್ಟು ರಸ್ತೆ ಜಾಲದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ 2ರ ಆಸುಪಾಸು. 2022ರಲ್ಲಿ ಸತ್ತವರ ಪೈಕಿ 61,038 ಮಂದಿ, ಅಂದರೆ ಶೇ 36ಕ್ಕೂ ಹೆಚ್ಚು ಜನ, ಸತ್ತಿದ್ದು ಈ ಹೆದ್ದಾರಿಗಳಲ್ಲಿ. ರಾಜ್ಯ ಹೆದ್ದಾರಿಗಳಲ್ಲಿ ಇನ್ನೂ 41,012 ಮಂದಿ. ಇದು ಒಂದು ರೀತಿಯಲ್ಲಿ ದಾರಿ ತೋರುವ ಲೆಕ್ಕ. ದೇಶದ ಮೂಲೆಮೂಲೆಯ ರಸ್ತೆಗಳನ್ನೆಲ್ಲ ಒಟ್ಟಿಗೆ ಸರಿಪಡಿಸುವುದು ಆಗದ ಮಾತಾದರೂ, ಸರ್ಕಾರದ ಕೈಯಲ್ಲೇ ಇರುವ, ಸರ್ಕಾರವೇ ಹಣ ಹಾಕಿ ಕಟ್ಟಿಸುವ ಈ ಸಣ್ಣ ಪಾಲನ್ನು ಸರಿಪಡಿಸಿದರೆ ಅರ್ಧಕ್ಕಿಂತ ಹೆಚ್ಚು ಸಾವುಗಳು ನಡೆಯುವ ಜಾಗಕ್ಕೇ ಕೈ ಹಾಕಿದಂತಾಗುತ್ತದೆ. ಸತ್ತವರಲ್ಲಿ ಶೇ 44ರಷ್ಟು ದ್ವಿಚಕ್ರ ವಾಹನದವರು, ಶೇ 19ಕ್ಕೂ ಹೆಚ್ಚು ಪಾದಚಾರಿಗಳು. ಹೆದ್ದಾರಿಯ ನಕ್ಷೆ ಬರೆಯುವಾಗ ಕಾರು, ಲಾರಿಗಳನ್ನು ಕಣ್ಣಮುಂದೆ ಇಟ್ಟುಕೊಳ್ಳುತ್ತಾರೆ. ಅದರ ಮೇಲೆ ಸಾಯುವವರು ಹೆಚ್ಚಾಗಿ ಬೈಕಿನವರು ಮತ್ತು ನಡೆದು ಹೋಗುವವರು.

ಚತುಷ್ಪಥವಾದ ಹೆದ್ದಾರಿಯ ಪಕ್ಕದ ಯಾವುದೇ ಹಳ್ಳಿಗೆ ಹೋಗಿ ನೋಡಿ. ರಸ್ತೆ ಅಗಲವಾದ ದಿನವೇ ಊರು ಎರಡು ಹೋಳಾಗಿರುತ್ತದೆ. ಮನೆ ಈಚೆ, ಹೊಲ ಆಚೆ. ಹಾಲಿನ ಡೇರಿ ಈಚೆ, ಬಸ್‌ಸ್ಟಾಪ್ ಆಚೆ. ಅಂಡರ್‌ಪಾಸ್ ಇದೆ, ಆದರೆ ಒಂದೂವರೆ ಕಿಲೋಮೀಟರ್ ದೂರದಲ್ಲಿ. ಮಳೆ ಬಂದರೆ ಅದರೊಳಗೆ ಮೊಣಕಾಲುದ್ದ ನೀರು. ಡಿವೈಡರ್ ಮೇಲೆ ಸಾಲಾಗಿ ನೆಟ್ಟ ಕಣಗಿಲೆ ಗಿಡಗಳ ನಡುವೆ ಒಂದು ಕಡೆ ಮಾತ್ರ ಗಿಡವಿಲ್ಲ, ಹುಲ್ಲೂ ಇಲ್ಲ. ನೆಲ ನುಣ್ಣಗೆ ಸವೆದಿದೆ. ಊರಿನವರು ದಾಟುವ ಜಾಗ ಅದೇ. ಬೆಳಗಿನ ಜಾವ ಹಾಲಿನ ಕ್ಯಾನು ಹಿಡಿದವರು, ಸಂಜೆ ಹುಲ್ಲಿನ ಹೊರೆ ಹೊತ್ತವರು, ಬ್ಯಾಗು ನೇತುಹಾಕಿಕೊಂಡ ಮಕ್ಕಳು ಅಲ್ಲಿ ನಿಂತು, ಎದುರು ದೀಪ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಿ ಓಡುತ್ತಾರೆ. ಅವರಲ್ಲೊಬ್ಬರ ಅಂದಾಜು ತಪ್ಪಿದ ದಿನ ಠಾಣೆಯಲ್ಲಿ ಎಫ್‌ಐಆರ್ ದಾಖಲಾಗುತ್ತದೆ: ಚಾಲಕನು ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿ ಹೊಡೆಸಿದ್ದರಿಂದ. ಆ ಸವೆದ ನೆಲದ ಬಗ್ಗೆ, ನೀರು ನಿಂತ ಅಂಡರ್‌ಪಾಸ್ ಬಗ್ಗೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ.

ಸಚಿವಾಲಯದ ವರದಿ ಸುಮಾರು ಶೇ 71ರಷ್ಟು ಸಾವಿಗೆ ಅತಿವೇಗವೇ ಕಾರಣ ಎನ್ನುವುದನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಅತಿವೇಗ ಸುಳ್ಳಲ್ಲ, ಅದು ನಿಜಕ್ಕೂ ಕೊಲ್ಲುತ್ತದೆ. ಆದರೆ ಪೊಲೀಸರ ದಾಖಲೆಯಲ್ಲಿ ಕಾರಣ ಎಂದರೆ ಯಾರ ಮೇಲೆ ಕೇಸು ಹಾಕಬಹುದು ಎಂಬುದು. ಚಾಲಕನ ಮೇಲೆ ಹಾಕಬಹುದು. ತಿರುವಿನ ಮೇಲೆ, ಬೆಳಕಿಲ್ಲದ ಜಂಕ್ಷನ್ ಮೇಲೆ ಹಾಕಲಾಗದು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣವೇ ಬೆಲೆಯಾಗದಂತೆ ರಸ್ತೆಯನ್ನು ಕಟ್ಟುವುದು ಸರ್ಕಾರದ ಹೊಣೆ ಎಂಬ ತತ್ವವನ್ನು ಸ್ವೀಡನ್ನಿನ ಸಂಸತ್ತು 1997ರಲ್ಲೇ ಒಪ್ಪಿಕೊಂಡಿತು. ನಾವು ಇನ್ನೂ ತಪ್ಪು ಮಾಡಿದವನನ್ನು ಹುಡುಕುವುದರಲ್ಲೇ ಇದ್ದೇವೆ.

ಬೆಂಗಳೂರು–ಮೈಸೂರು ಹೆದ್ದಾರಿ ಇದಕ್ಕೆ ನಮ್ಮ ಕಣ್ಣಮುಂದಿನ ಪಾಠ. ಸುಮಾರು 8,480 ಕೋಟಿ ರೂಪಾಯಿಯ ಈ ರಸ್ತೆ 2023ರ ಮಾರ್ಚ್‌ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾಯಿತು. ಎರಡು ಊರುಗಳ ನಡುವಿನ ಪ್ರಯಾಣ ಸಮಯ ಅರ್ಧಕ್ಕೆ ಇಳಿಯಿತು ಎಂದು ಎಲ್ಲರೂ ಸಂಭ್ರಮಿಸಿದರು. ಕೆಲವೇ ತಿಂಗಳಲ್ಲಿ ಸಾವಿನ ಸುದ್ದಿಯಿಲ್ಲದ ವಾರವಿಲ್ಲ ಎಂಬ ಸ್ಥಿತಿ ಬಂತು. ಆಗ ಸರ್ಕಾರ ಎಚ್ಚೆತ್ತಿತು. 2023ರ ಆಗಸ್ಟ್‌ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧ ಬಂತು. ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಪೊಲೀಸರು ವೇಗ ಅಳೆಯುವ ಸಾಧನ ಹಿಡಿದು ರಸ್ತೆಗಿಳಿದರು, ಕ್ಯಾಮೆರಾಗಳು ಬಂದವು, ದಂಡ ಬಿತ್ತು. ಪೊಲೀಸರ ಲೆಕ್ಕದಂತೆ 2023ರಲ್ಲಿ 180 ದಾಟಿದ್ದ ಸಾವು 2024ರಲ್ಲಿ 50ರ ಆಸುಪಾಸಿಗೆ ಇಳಿಯಿತು.

ಈ ಇಳಿಕೆಯನ್ನು ಮನಸಾರೆ ಮೆಚ್ಚಬೇಕು. ಸಾವು ಹಣೆಬರಹವಲ್ಲ, ಆಡಳಿತ ಮನಸ್ಸು ಮಾಡಿದರೆ ವರ್ಷದೊಳಗೆ ತಗ್ಗಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಜೊತೆಗೇ ಕೇಳಲೇಬೇಕಾದ ಪ್ರಶ್ನೆಯೂ ಇದೆ: ಆ ಕ್ಯಾಮೆರಾ, ಆ ಗಸ್ತು, ಆ ನಿಯಮಗಳು ಉದ್ಘಾಟನೆಯ ದಿನವೇ ಏಕೆ ಇರಲಿಲ್ಲ? 8,480 ಕೋಟಿಯ ಯೋಜನೆಯಲ್ಲಿ ಅವುಗಳ ಖರ್ಚು ದೊಡ್ಡದಲ್ಲ. ಉತ್ತರ ಸರಳ. ರಸ್ತೆ ಉದ್ಘಾಟನೆಯಾಗಲು ಅವು ಇರಲೇಬೇಕು ಎಂಬ ಷರತ್ತು ಹಣ ಕೊಡುವವರ ಕಡೆಯಿಂದ ಇರಲಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198–ಎ ಕಲಮು ದೋಷಪೂರಿತ ರಸ್ತೆಯಿಂದ ಸಾವು ಸಂಭವಿಸಿದರೆ ವಿನ್ಯಾಸಕಾರ, ಗುತ್ತಿಗೆದಾರ, ಸಲಹೆಗಾರರಿಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಗರಿಷ್ಠ ದಂಡ ಒಂದು ಲಕ್ಷ ರೂಪಾಯಿ. ಸಾವಿರಾರು ಕೋಟಿಯ ಕಾಮಗಾರಿ ಮಾಡುವ ಕಂಪನಿಗೆ ಒಂದು ಲಕ್ಷದ ಭಯ ಎಂಥದ್ದು ಎಂಬುದನ್ನು ಓದುಗರೇ ಯೋಚಿಸಬಹುದು.

ಹಣಕ್ಕೆ ಷರತ್ತು ಕಟ್ಟಿದರೆ ಏನಾಗುತ್ತದೆ, ಷರತ್ತು ಬಿಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಅರ್ಧ ಶತಮಾನಕ್ಕೂ ಮೀರಿದ ಅನುಭವವಿದೆ. ಅಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಜನ ರಸ್ತೆಯಲ್ಲಿ ಸಾಯುತ್ತಿದ್ದ ಕಾಲದಲ್ಲಿ, 1966ರ ಸೆಪ್ಟೆಂಬರ್‌ನಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಎರಡು ಕಾಯ್ದೆಗಳಿಗೆ ಸಹಿ ಹಾಕಿದರು. ಒಂದು ವಾಹನಗಳ ಸುರಕ್ಷತೆಗೆ, ಇನ್ನೊಂದು ಹೆದ್ದಾರಿ ಸುರಕ್ಷತೆಗೆ. ಎರಡನೆಯದು ಪ್ರತಿ ರಾಜ್ಯವೂ ಹೆದ್ದಾರಿ ಸುರಕ್ಷತಾ ಕಾರ್ಯಕ್ರಮ ರೂಪಿಸಬೇಕು, ಅದಕ್ಕೆ ಒಕ್ಕೂಟ ಸರ್ಕಾರ ಹಣ ಕೊಡುತ್ತದೆ ಎಂದಿತು. ಹಣ ಹಂಚುವ ಸೂತ್ರವೂ ಸ್ಪಷ್ಟ: ಮುಕ್ಕಾಲು ಪಾಲು ಜನಸಂಖ್ಯೆಯ ಮೇಲೆ, ಕಾಲು ಪಾಲು ರಸ್ತೆಯ ಉದ್ದದ ಮೇಲೆ, ರಾಜ್ಯಕ್ಕೆ ಬಂದ ಹಣದಲ್ಲಿ ಕನಿಷ್ಠ ಶೇ 40 ಸ್ಥಳೀಯ ಆಡಳಿತಗಳಿಗೆ. ಕಾರ್ಯಕ್ರಮ ರೂಪಿಸದ ರಾಜ್ಯಕ್ಕೆ ರಸ್ತೆ ನಿರ್ಮಾಣದ ಅನುದಾನದಲ್ಲಿ ಕಡಿತ.

ಈ ಕಡಿತದ ಭಯಕ್ಕೆ ಅಲ್ಲಿನ ರಾಜ್ಯಗಳು ಒಂದಾದ ಮೇಲೊಂದು ಮೋಟಾರ್‌ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದವು. 1975ರ ಹೊತ್ತಿಗೆ 47 ರಾಜ್ಯಗಳಲ್ಲಿ ಆ ಕಾನೂನು ಬಂದಿತ್ತು. 1976ರಲ್ಲಿ ಸಂಸತ್ತು, ಸವಾರರ ಸಂಘಟನೆಗಳ ಒತ್ತಡಕ್ಕೆ ಮಣಿದು, ಹೆಲ್ಮೆಟ್ಟಿಗೆ ಸಂಬಂಧಿಸಿದ ಕಡಿತದ ಷರತ್ತನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ರಾಜ್ಯಗಳ ದೊಡ್ಡ ಗುಂಪೇ ಆ ಕಾನೂನನ್ನು ಕೈಬಿಟ್ಟಿತು ಅಥವಾ ದುರ್ಬಲಗೊಳಿಸಿತು. ಸವಾರರ ಸಾವು ಮತ್ತೆ ಏರಿತು. ಹೆಲ್ಮೆಟ್ ಜೀವ ಉಳಿಸುತ್ತದೆ ಎಂಬ ತಿಳಿವಳಿಕೆ 1975ರಲ್ಲೂ ಇತ್ತು, 1977ರಲ್ಲೂ ಇತ್ತು. ನಡುವೆ ಬದಲಾಗಿದ್ದು ಹಣದ ಷರತ್ತು.

ಮುಂದಿನ ಅಧ್ಯಾಯ ಇದರ ಇನ್ನೊಂದು ಮಗ್ಗುಲು. ಎಳೆಯರು ಕುಡಿದು ಕಾರು ಓಡಿಸಿ ಸಾಯುವುದು ಹೆಚ್ಚಾದಾಗ, ಮದ್ಯ ಖರೀದಿಯ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನವನ್ನು ಕಡಿತಗೊಳಿಸುವ ಕಾಯ್ದೆ 1984ರಲ್ಲಿ ಬಂತು. ಸೌತ್ ಡಕೋಟ ರಾಜ್ಯ ಇದು ತನ್ನ ಅಧಿಕಾರಕ್ಕೆ ಕೈಹಾಕಿದಂತೆ ಎಂದು ಕೋರ್ಟಿಗೆ ಹೋಯಿತು. 1987ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಸಂವಿಧಾನಬದ್ಧ ಎಂದಿತು. 1988ರ ವೇಳೆಗೆ ಎಲ್ಲ ರಾಜ್ಯಗಳೂ ವಯಸ್ಸನ್ನು 21ಕ್ಕೆ ಏರಿಸಿದ್ದವು. ಕಡಿತಗೊಂಡ ಅನುದಾನದ ಪ್ರಮಾಣ ದೊಡ್ಡದಿರಲಿಲ್ಲ, ಆರಂಭದಲ್ಲಿ ಶೇ 5, ಆಮೇಲೆ ಶೇ 10. ಅಷ್ಟೇ ಸಾಕಾಯಿತು.

ಅಮೆರಿಕವನ್ನು ಮಾದರಿ ಎಂದು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ವಾಹನ ಮತ್ತು ಚಾಲಕರ ವಿಷಯದಲ್ಲಿ ಷರತ್ತು ಬಿಗಿಯಾಗಿದ್ದ ಆ ದೇಶ ರಸ್ತೆಯ ವಿನ್ಯಾಸದ ವಿಷಯದಲ್ಲಿ ಅಷ್ಟೇ ಬಿಗಿಯಾಗಲಿಲ್ಲ. ಊರೊಳಗಿನ ಅಗಲ ರಸ್ತೆಗಳಲ್ಲಿ ನಡೆದು ಹೋಗುವವರನ್ನು ಮರೆಯಿತು. 2022ರಲ್ಲಿ ಅಲ್ಲಿನ ಪಾದಚಾರಿಗಳ ಸಾವು ನಾಲ್ಕು ದಶಕಗಳಲ್ಲೇ ಅತಿ ಹೆಚ್ಚಿನ ಮಟ್ಟ ಮುಟ್ಟಿತು. ಯಾವುದಕ್ಕೆ ಷರತ್ತು ಹಾಕುತ್ತೇವೋ ಅದು ಸುಧಾರಿಸುತ್ತದೆ, ಹಾಕದೆ ಬಿಟ್ಟಿದ್ದು ಹಾಗೇ ಉಳಿಯುತ್ತದೆ ಎಂಬ ಎಚ್ಚರಿಕೆ ಅದರಲ್ಲೂ ಇದೆ. ಐದರಲ್ಲಿ ಒಂದು ಸಾವು ಪಾದಚಾರಿಯದ್ದಾಗಿರುವ ನಮಗೆ ಈ ಎಚ್ಚರಿಕೆ ಇನ್ನೂ ಮುಖ್ಯ.

ಭಾರತದಲ್ಲಿ ಈ ಯೋಚನೆ ಹೊಸದೇನಲ್ಲ. ಎಸ್. ಸುಂದರ್ ಅಧ್ಯಕ್ಷತೆಯ ಸಮಿತಿ 2007ರಲ್ಲೇ ರಸ್ತೆ ಸುರಕ್ಷತೆಗೆ ಪ್ರತ್ಯೇಕ ಮಂಡಳಿ ಬೇಕು, ಪೆಟ್ರೋಲ್–ಡೀಸೆಲ್ ಮೇಲಿನ ಸೆಸ್‌ನಲ್ಲಿ ಕನಿಷ್ಠ ಶೇ 1ರಷ್ಟನ್ನು ರಸ್ತೆ ಸುರಕ್ಷತಾ ನಿಧಿಗೆ ಮೀಸಲಿಡಬೇಕು ಎಂದು ಶಿಫಾರಸು ಮಾಡಿತ್ತು. 2010ರಲ್ಲಿ ಮಂಡಳಿಯ ಮಸೂದೆ ಲೋಕಸಭೆಗೆ ಬಂತು, ಕಾಯ್ದೆಯಾಗಲಿಲ್ಲ. ಕೊಯಮತ್ತೂರಿನ ಮೂಳೆ ತಜ್ಞ ವೈದ್ಯ ಡಾ. ಎಸ್. ರಾಜಶೇಖರನ್ ಅವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2014ರಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ಸಮಿತಿ ನೇಮಿಸಿತು. ರಾಜ್ಯಗಳು ರಸ್ತೆ ಸುರಕ್ಷತಾ ನಿಧಿ ಮಾಡಬೇಕು, ಜಿಲ್ಲಾ ಸಮಿತಿ ರಚಿಸಬೇಕು, ಅಪಘಾತ ಮರುಕಳಿಸುವ ಬ್ಲ್ಯಾಕ್ ಸ್ಪಾಟ್‌ಗಳನ್ನು ಸರಿಪಡಿಸಬೇಕು ಎಂದು ಹಿಂದೆ ಬಿದ್ದಿದ್ದು ಆ ಸಮಿತಿಯೇ. ಸರ್ಕಾರಗಳು ಮಾಡಬೇಕಿದ್ದ ಕೆಲಸವನ್ನು ನ್ಯಾಯಾಲಯ ಮಾಡಿಸಬೇಕಾಯಿತು. ಕೊನೆಗೆ 2019ರ ತಿದ್ದುಪಡಿಯಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ಮಂಡಳಿಗೆ ಜಾಗ ಸಿಕ್ಕಿತು. ಆದರೆ ಅದರ ಕೆಲಸ ಸಲಹೆ ಕೊಡುವುದು. ಯೋಜನೆಯೊಂದನ್ನು ತಡೆಯುವ ಅಧಿಕಾರವಿಲ್ಲ, ಹಣ ಹಂಚುವ ಅಧಿಕಾರವೂ ಇಲ್ಲ. ಕೀಲಿಕೈ ಕೊಡದೆ ಮನೆಯ ಯಜಮಾನಿಕೆ ವಹಿಸಿದಂತೆ ಇದು. ರಸ್ತೆ ಅಪಘಾತಗಳನ್ನು ಅರ್ಧಕ್ಕೆ ಇಳಿಸುವ ಗುರಿ ಈಡೇರಲಿಲ್ಲ, ಬದಲಿಗೆ ಹೆಚ್ಚಾಗಿವೆ ಎಂದು ಸಚಿವ ನಿತಿನ್ ಗಡ್ಕರಿ 2024ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲೇ ಒಪ್ಪಿಕೊಂಡರು. ಅವರ ನೇರ ಮಾತಿಗೆ ಗೌರವವಿದೆ. ಆದರೆ ಗುರಿ ತಪ್ಪಿದ್ದಕ್ಕೆ ಅನುದಾನದ ಯಾವ ಸಾಲೂ ಬದಲಾಗದಿದ್ದರೆ ಗುರಿ ಎಂಬುದು ಭಾಷಣದ ಮಾತಾಗಿಯೇ ಉಳಿಯುತ್ತದೆ.

ಕರ್ನಾಟಕದ ಕಥೆಯಲ್ಲಿ ಭರವಸೆಯೂ ಇದೆ, ಕೊರತೆಯೂ ಇದೆ. ಭರವಸೆ ಇರುವುದು ಬೆಳಗಾವಿ–ಯರಗಟ್ಟಿ ರಸ್ತೆಯಲ್ಲಿ. ವಿಶ್ವಬ್ಯಾಂಕ್ ನೆರವಿನ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಡಿ ಸುಮಾರು 62 ಕಿಲೋಮೀಟರ್ ಉದ್ದದ ಈ ರಾಜ್ಯ ಹೆದ್ದಾರಿಯನ್ನು ಸುರಕ್ಷಿತ ಮಾರ್ಗದ ಪ್ರಯೋಗಕ್ಕೆ ಆರಿಸಿಕೊಂಡರು. ಲೋಕೋಪಯೋಗಿ ಇಲಾಖೆ ಜಂಕ್ಷನ್, ತಿರುವು, ತಡೆಬೇಲಿಗಳನ್ನು ಸರಿಪಡಿಸಿತು. ಪೊಲೀಸರಿಗೆ ಗಸ್ತು ವಾಹನ, ವೇಗ ಅಳೆಯುವ ಸಾಧನ ಸಿಕ್ಕವು. ಆರೋಗ್ಯ ಇಲಾಖೆ ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸೆಯ ಕಡೆ ನೋಡಿತು. ಕಬ್ಬಿನ ಟ್ರ್ಯಾಕ್ಟರ್, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರ ವಾಹನ, ಹಳ್ಳಿಯ ಬೈಕುಗಳೆಲ್ಲ ಒಟ್ಟಿಗೆ ಓಡಾಡುವ ರಸ್ತೆಯದು. ಸಾವುಗಳು ಸರಿಸುಮಾರು ಅರ್ಧಕ್ಕೆ ಇಳಿದವು. ಇದರ ಗುಟ್ಟು ತಂತ್ರಜ್ಞಾನದಲ್ಲಿಲ್ಲ. ಬೇರೆ ಬೇರೆ ಇಲಾಖೆಗಳ ಕೆಲಸಕ್ಕೆ ಒಂದೇ ಯೋಜನೆಯ ಹಣ, ಒಂದೇ ಗುರಿ, ಮೊದಲು ಎಷ್ಟಿತ್ತು–ಆಮೇಲೆ ಎಷ್ಟಾಯಿತು ಎಂಬ ಲೆಕ್ಕ ಕೇಳುವ ಹಣದಾತ ಇದ್ದುದೇ ಅದರ ಗುಟ್ಟು. ವಿಶ್ವಬ್ಯಾಂಕ್ ಕೇಳಿದ ಲೆಕ್ಕವನ್ನು ನಮ್ಮ ಸರ್ಕಾರಗಳೇ ತಮ್ಮ ಹಣಕ್ಕೆ ಕೇಳಬಾರದೆಂಬ ನಿಯಮವಿಲ್ಲ.

ಕೊರತೆ ಇರುವುದು ಆ ಪ್ರಯೋಗ ವಾಡಿಕೆಯಾಗದಿರುವುದರಲ್ಲಿ. 2017ರ ಕಾಯ್ದೆಯ ಮೂಲಕ ನಮ್ಮ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರವನ್ನು ಸ್ಥಾಪಿಸಿತು. ಹೊಸ ವಾಹನ ನೋಂದಣಿಯಾಗುವಾಗ ರಸ್ತೆ ಸುರಕ್ಷತೆಯ ಹೆಸರಿನಲ್ಲೇ ಸೆಸ್ ವಸೂಲಾಗುತ್ತದೆ. ಹೊಸ ಸ್ಕೂಟರ್ ಕೊಂಡ ಪ್ರತಿಯೊಬ್ಬರೂ ತಮ್ಮ ಸುರಕ್ಷತೆಗೆಂದು ಮುಂಗಡ ಕಟ್ಟಿದ್ದಾರೆ. ಆ ಹಣ ಯಾವ ತಾಲ್ಲೂಕಿನ ಯಾವ ತಿರುವಿಗೆ ಖರ್ಚಾಯಿತು, ಅಲ್ಲಿ ಸಾವು ಎಷ್ಟು ತಗ್ಗಿತು ಎಂಬುದು ಆ ತಾಲ್ಲೂಕಿನ ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಕಾಣಬೇಕು. 2022ರಲ್ಲಿ 11,702 ಜನರನ್ನು ರಸ್ತೆಯಲ್ಲಿ ಕಳೆದುಕೊಂಡ ರಾಜ್ಯದಲ್ಲಿ ಇದು ಅತಿಯಾದ ನಿರೀಕ್ಷೆಯಲ್ಲ. ನಿಯಂತ್ರಣದ ಕಡೆಯಲ್ಲೂ ನಮ್ಮ ಮನಸ್ಸು ಗಟ್ಟಿಯಿಲ್ಲ. 2019ರಲ್ಲಿ ಕೇಂದ್ರ ದಂಡ ಏರಿಸಿದ ತಿಂಗಳಲ್ಲೇ ರಾಜ್ಯ ಹಲವು ದಂಡಗಳನ್ನು ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು, ಆಮೇಲೂ ಅಂಥ ರಿಯಾಯಿತಿ ಮರುಕಳಿಸಿತು. ಖಜಾನೆಗೆ ಹಣ ಬಂತು, ನಿಜ. ಕಾದರೆ ದಂಡ ಅರ್ಧವಾಗುತ್ತದೆ ಎಂಬ ಪಾಠವನ್ನೂ ಜನ ಕಲಿತರು.

ಹಣಕ್ಕೆ ಷರತ್ತು ಎಂದ ಕೂಡಲೇ ಏಳುವ ಗಂಭೀರ ಆಕ್ಷೇಪವೊಂದಿದೆ, ಅದನ್ನು ದಾಟಿ ಹೋಗಲಾಗದು. ಕೇಂದ್ರದ ಕೈಗೆ ಇನ್ನೊಂದು ಬೆತ್ತ ಕೊಡಬೇಕೇ? ತೆರಿಗೆ ಪಾಲಿನ ವಿಷಯದಲ್ಲಿ ತನಗೆ ಅನ್ಯಾಯವಾಗಿದೆ ಎಂದು ಕರ್ನಾಟಕ ಹೇಳುತ್ತಲೇ ಬಂದಿದೆ. ಇಂಧನದ ಮೇಲಿನ ಸೆಸ್ ಹಣಕಾಸು ಆಯೋಗ ಹಂಚುವ ತೆರಿಗೆ ಪಾಲಿನೊಳಗೆ ಬರುವುದೂ ಇಲ್ಲ. ಈ ಆತಂಕಕ್ಕೆ ಕಾರಣವಿದೆ. ಉತ್ತರವೂ ಅಮೆರಿಕದ ಅನುಭವದಲ್ಲೇ ಸಿಗುತ್ತದೆ. 1998ರಲ್ಲಿ ಅಲ್ಲಿ ಬಂದ ಎರಡು ನಿಯಮಗಳ ಪ್ರಕಾರ, ಕುಡಿದು ಓಡಿಸುವುದಕ್ಕೆ ಸಂಬಂಧಿಸಿದ ಕಾನೂನು ಮಾಡದ ರಾಜ್ಯದಿಂದ ಹಣ ಕಿತ್ತುಕೊಳ್ಳಲಿಲ್ಲ. ರಸ್ತೆ ನಿರ್ಮಾಣಕ್ಕೆ ಕೊಟ್ಟ ಹಣದಲ್ಲಿ ಒಂದು ಪಾಲನ್ನು ಅದೇ ರಾಜ್ಯದ ಸುರಕ್ಷತಾ ಕೆಲಸಗಳಿಗೆ ವರ್ಗಾಯಿಸಿದರು. ರಾಜ್ಯಕ್ಕೆ ಒಂದು ಡಾಲರೂ ನಷ್ಟವಿಲ್ಲ, ಹೊಸ ರಸ್ತೆಗಿಂತ ಮೊದಲು ಜೀವ ಉಳಿಸುವ ಕೆಲಸವಾಗುತ್ತದೆ. ನಮಗೆ ಒಪ್ಪುವುದು ಈ ರೀತಿಯೇ. ಜೊತೆಗೆ ಷರತ್ತು ಎರಡೂ ಕಡೆ ಬಿಗಿಯಾಗಬೇಕು. ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರದ್ದು, ಹೆಚ್ಚು ಸಾವಾಗುತ್ತಿರುವುದೂ ಅಲ್ಲೇ. ರಾಜ್ಯಕ್ಕೆ ಷರತ್ತು ಹಾಕುವ ಕೇಂದ್ರ, ಹೆದ್ದಾರಿ ಪ್ರಾಧಿಕಾರಕ್ಕೆ ಅದಕ್ಕಿಂತ ಕಟ್ಟುನಿಟ್ಟಿನ ಷರತ್ತು ಹಾಕದಿದ್ದರೆ ಆ ನೀತಿಗೆ ನೈತಿಕ ಬಲವಿರುವುದಿಲ್ಲ.

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಸುಂದರ್ ಸಮಿತಿ ಹೇಳಿದಂತೆ ಇಂಧನ ಸೆಸ್‌ನ ನಿಶ್ಚಿತ ಪಾಲು ಕಾನೂನಿನ ಬಲದಿಂದ ಸುರಕ್ಷತೆಗೆ ಮೀಸಲಾಗಬೇಕು, ಅದರಲ್ಲಿ ದೊಡ್ಡ ಪಾಲು ಜಿಲ್ಲೆ ಮತ್ತು ಪಂಚಾಯಿತಿಗಳಿಗೆ ನೇರವಾಗಿ ಹೋಗಬೇಕು. ಸವೆದ ನೆಲ ಎಲ್ಲಿದೆ ಎಂಬುದು ಅವರಿಗೆ ಗೊತ್ತು. ರಸ್ತೆ ಕಟ್ಟುವ ಸಂಸ್ಥೆಯೇ ತನ್ನ ರಸ್ತೆಯ ಸುರಕ್ಷತೆಯನ್ನು ತಾನೇ ಪ್ರಮಾಣೀಕರಿಸುವುದು ನಿಲ್ಲಬೇಕು. ಸ್ವತಂತ್ರ ಸಂಸ್ಥೆಯ ಒಪ್ಪಿಗೆಯಿಲ್ಲದೆ ಯಾವ ಹೆದ್ದಾರಿಯೂ ಉದ್ಘಾಟನೆಯಾಗಬಾರದು, ಟೋಲ್ ವಸೂಲಿಯೂ ಶುರುವಾಗಬಾರದು. ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಿದ ಜಾಗ ನಿಗದಿತ ಅವಧಿಯೊಳಗೆ ಸರಿಯಾಗದಿದ್ದರೆ ಆ ಭಾಗದ ಟೋಲ್ ಆದಾಯದಿಂದಲೇ ದುರಸ್ತಿಯಾಗಬೇಕು. 198–ಎ ಕಲಮಿನ ದಂಡ ಯೋಜನೆಯ ವೆಚ್ಚಕ್ಕೆ ತಕ್ಕಂತೆ ಏರಬೇಕು. ಪೊಲೀಸರು ಈಗ ಮೊಬೈಲಿನಲ್ಲೇ ಅಪಘಾತದ ವಿವರ ತುಂಬುವ ಇ–ಡಾರ್ ವ್ಯವಸ್ಥೆ ಬಂದಿದೆ. ಅದರಲ್ಲಿ ಎಂಜಿನಿಯರು ಬರೆಯುವ ರಸ್ತೆಯ ದೋಷದ ವಿವರ ಸಾರ್ವಜನಿಕರಿಗೂ ಕಾಣುವಂತಾಗಬೇಕು.

ಇದಕ್ಕೆಲ್ಲ ಹೊಸ ತೆರಿಗೆ ಬೇಕಿಲ್ಲ. ಪೆಟ್ರೋಲ್ ಹಾಕಿಸಿದಾಗ, ಟೋಲ್ ದಾಟಿದಾಗ, ಗಾಡಿ ನೋಂದಣಿ ಮಾಡಿಸಿದಾಗ ಜನ ಆಗಲೇ ಕೊಟ್ಟಿದ್ದಾರೆ. ಕೊಟ್ಟ ಹಣಕ್ಕೆ ಷರತ್ತು ಹಾಕುವ ಹಕ್ಕು ಕೊಟ್ಟವರಿಗಿದೆ. ಹೊಸ ಹೆದ್ದಾರಿ ಬೇಕೆಂದು ಸಂಸದರಿಗೆ, ಶಾಸಕರಿಗೆ ಮನವಿ ಸಲ್ಲಿಸುವ ನಾವು, ಇರುವ ಹೆದ್ದಾರಿಯಲ್ಲಿ ಹೋದ ವರ್ಷ ಎಷ್ಟು ಜನ ಸತ್ತರು, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಎಷ್ಟು ಸಲ ಸೇರಿತು, ಯಾವ ಜಾಗ ಸರಿಮಾಡಿತು ಎಂದು ಅದೇ ಮನವಿಯಲ್ಲಿ ಕೇಳಬೇಕು. ಮತ ಕೇಳಲು ಬರುವವರಿಗೆ ಕಿಲೋಮೀಟರ್ ಲೆಕ್ಕ ಬಾಯಿಪಾಠವಿದೆ. ಜೀವದ ಲೆಕ್ಕವನ್ನೂ ಅವರು ಬಾಯಿಪಾಠ ಮಾಡಿಕೊಂಡು ಬರುವಂತೆ ಮಾಡುವುದು ನಮ್ಮ ಕೈಯಲ್ಲಿದೆ.